ಬೆನ್ನಿನ ಮಣ್ಣು

ಕೇಳಿದರೆ ಮೈ ಉರಿಯುವಂಥ ಮಾತು ನನಗೆ ಒಂದಿದೆ. "ಅಯ್ಯೋ ಪಾಪ" ಅನ್ನುವುದು. ಬೈದವರನ್ನು ತಿರುಗಿ ಬೈಯಬಹುದು, ಹೊಡೆಯಲು ಬಂದವರ ಕೈ ಹಿಡಿಯಬಹುದು, ಪಾಪ ಅಂದವರನ್ನು ಏನು ಮಾಡುತ್ತೀರಿ? ಮದುವೆಯಾದ ಮರುವರ್ಷವೇ ಗಂಡನನ್ನು ಕಳೆದುಕೊಂಡು ನಾನು ಮಂಡ್ಯದ ಗುತ್ತಲಿನ ತವರುಮನೆಗೆ ವಾಪಸು ಬಂದಾಗ ಕೇರಿಗೆ ಕೇರಿಯೇ ಆ ಮಾತನ್ನು ನನ್ನ ತಲೆಯ ಮೇಲೆ ಸುರಿಯಿತು. ನಾನು ಒಂದು ಹಳೇ ಹೊಲಿಗೆ ಮಿಷನ್ನು ಕೊಂಡು ನಡುಮನೆಯಲ್ಲಿ ಹಾಕಿಕೊಂಡು ಕುಳಿತೆ. ರವಿಕೆಯ ಅಳತೆ ಕೊಡಲು ಬಂದವರು ಪಾಪ ಅಂದರೆ ತೋಳನ್ನು ಒಂದಿಷ್ಟು ಬಿಗಿಯಾಗಿಯೇ ಹೊಲಿದು ಕೊಡುತ್ತಿದ್ದೆ. ತಮಾಷೆಗೆ ಹೇಳುತ್ತಿಲ್ಲ, ನಿಜವಾಗಿಯೂ ಹಾಗೆ ಮಾಡುತ್ತಿದ್ದೆ.

ಆದರೆ ಈಗ ಬರೆಯಹೊರಟಿರುವುದು ನನ್ನ ತಮ್ಮನ ವಿಷಯ. ಈಚೆಗೆ ಪತ್ರಿಕೆಯಲ್ಲಿ ಓದಿದೆ, ಕೃತಕ ಕಾಲು ಕಟ್ಟಿಕೊಂಡು ಓಡುವವರನ್ನು ಎರಡೂ ಕಾಲಿರುವವರ ಜೊತೆ ಓಟಕ್ಕೆ ಬಿಡಬೇಕೋ ಬೇಡವೋ ಎಂದು ದೊಡ್ಡ ದೊಡ್ಡವರು ಚರ್ಚೆ ಮಾಡುತ್ತಿದ್ದಾರಂತೆ. ಓದಿದ ಮೇಲೆ ಪತ್ರಿಕೆ ಮಡಚಿಟ್ಟು ಇದನ್ನು ಬರೆಯಲು ಕುಳಿತೆ. ಆ ಚರ್ಚೆ ನಮ್ಮ ಹಿಂದಿನ ಬೀದಿಯ ಗರಡಿಮನೆಯ ಮುಂದೆ ಎರಡನೇ ಮಹಾಯುದ್ಧ ಮುಗಿದ ಮರುವರ್ಷವೇ ನಡೆದುಹೋಗಿತ್ತು.

ನಮ್ಮ ಮನೆಯಲ್ಲಿ ಇದ್ದವರು ಅವ್ವ, ನಾನು, ತಮ್ಮ, ಅಷ್ಟೆ. ತಮ್ಮ ಮೀಸೆ ಮೂಡುವ ಮುಂಚೆಯೇ ಗರಡಿ ಸೇರಿದವನು. ತಲೆ ಬಗ್ಗಿಸಿಯೇ ಒಳಗೆ ಹೋಗಬೇಕಾದ ಗಿಡ್ಡ ಬಾಗಿಲಿನ ಮನೆ ಅದು. ಒಳಗೆ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ ಬೆರೆಸಿ ಹದ ಮಾಡಿದ ಮಟ್ಟಿ, ಗೋಡೆಯ ಗೂಡಿನಲ್ಲಿ ದೇವಿ. ಹೆಂಗಸರು ಕಾಲಿಡುವ ಹಾಗಿಲ್ಲವಾದ್ದರಿಂದ ಇದೆಲ್ಲ ನನಗೆ ಅವನ ಬಾಯಿಂದ ಕೇಳಿಯೇ ಗೊತ್ತು. ಅಲ್ಲಿನ ಉಸ್ತಾದರು ಜಟಕಾ ಗಾಡಿಗಳ ಚಕ್ರ ರಿಪೇರಿ ಮಾಡುತ್ತಿದ್ದ ವಯಸ್ಸಾದ ಸಾಬರು. ದೇವಿಗೆ ಊದುಬತ್ತಿ ಹಚ್ಚದೆ ಅವರು ಯಾರನ್ನೂ ಮಟ್ಟಿಗೆ ಇಳಿಸುತ್ತಿರಲಿಲ್ಲ. ತಮ್ಮ ಸಂಜೆ ಮೈತುಂಬ ಕೆಮ್ಮಣ್ಣು ಬಳಿದುಕೊಂಡು ಬಂದರೆ ಅವ್ವ ಮೊದಲು ನೋಡುತ್ತಿದ್ದುದು ಅವನ ಬೆನ್ನನ್ನು. ಬೆನ್ನಿಗೆ ಮಣ್ಣು ಹತ್ತಿದ್ದರೆ ಸೋತು ಬಂದಿದ್ದಾನೆ ಅಂತ. ಹತ್ತಿರುತ್ತಿದ್ದುದು ಕಡಿಮೆ.

ಯುದ್ಧದ ಕಾಲದಲ್ಲಿ ಅವನು ಲಾರಿ ಓಡಿಸುವುದನ್ನು ಕಲಿತು ಮಿಲಿಟರಿ ಸೇರಿದ. ಬರ್ಮಾದ ಕಡೆ ಎಲ್ಲೋ ಅವನ ಲಾರಿ ನೆಲಬಾಂಬಿನ ಮೇಲೆ ಹತ್ತಿತು. ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಪುಣೆಯ ಮಿಲಿಟರಿ ಆಸ್ಪತ್ರೆಯಲ್ಲಿ ಬಹಳ ಕಾಲ ಇಟ್ಟುಕೊಂಡು, ಮರದ ಕಾಲು ಕೊಟ್ಟು, ಅದರಲ್ಲಿ ನಡೆಯುವುದನ್ನು ಕಲಿಸಿ ಕಳಿಸಿದರು. ಚೆನ್ನಾದ ಕಾಲು, ಸುಳ್ಳು ಹೇಳಬಾರದು. ಮೊಣಕಾಲಿನ ಎರಡೂ ಪಕ್ಕಕ್ಕೆ ಕಬ್ಬಿಣದ ಪಟ್ಟಿ, ತೊಡೆಗೆ ಬಿಗಿಯಾಗಿ ಲೇಸು ಕಟ್ಟುವಂಥ ಚರ್ಮದ ಕವಚ. ಮಂಡ್ಯ ಸ್ಟೇಷನ್ನಿನಲ್ಲಿ ಅವನು ರೈಲಿನಿಂದ ತಾನೇ ಇಳಿದು, ಪೆಟ್ಟಿಗೆಯನ್ನು ತಾನೇ ಹೊತ್ತುಕೊಂಡು ನಡೆದು ಬಂದ. ಅವ್ವ ಅವನ ಮುಖ ನೋಡಲಿಲ್ಲ, ಕಾಲನ್ನೇ ನೋಡಿಕೊಂಡು ಅತ್ತಳು.

ಬಂದ ಮರುದಿನ ರಾಗಿರೊಟ್ಟಿ ತಿನ್ನುತ್ತಾ ಅವನು ಹೇಳಿದ. "ಅಕ್ಕ, ನಂಗೆ ಒಂದೇ ಆಸೆ ಕಣಕ್ಕ. ನನ್ ಜೊತೆ ಯಾರಾರ ನಿಜವಾಗ್ಲೂ ಕುಸ್ತಿ ಆಡ್ಬೇಕು. ಗೆಲ್ತೀನೋ ಸೋಲ್ತೀನೋ ಅದು ಆಮ್ಯಾಕೆ. ಊರಿಗ್ ಬಂದಾಗಿಂದ ಎಲ್ಲ ನನ್ನ ಮೊಟ್ಟೆ ಮುಟ್ಟಂಗ್ ಮುಟ್ತಾವ್ರೆ."

ನನಗೆ ಅದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ. ನನ್ನನ್ನೂ ಹಾಗೇ ಮುಟ್ಟುತ್ತಿದ್ದರು.

ಗರಡಿಗೆ ಹೋದವನು ಸ್ವಲ್ಪ ಹೊತ್ತಿಗೇ ವಾಪಸು ಬಂದ. ಉಸ್ತಾದರು ತಬ್ಬಿಕೊಂಡು ಕಣ್ಣೀರು ಹಾಕಿದರಂತೆ, ಆಮೇಲೆ ಕಾಲನ್ನು ನೋಡಿ ತಲೆಯಾಡಿಸಿದರಂತೆ. ಕುಂಟ ಅಂತ ಅಲ್ಲ. ಮಟ್ಟಿಗೆ ಚರ್ಮ ಇಳಿಯುವ ಹಾಗಿಲ್ಲ. ಚಪ್ಪಲಿ, ಬೆಲ್ಟು ಏನಿದ್ದರೂ ಬಾಗಿಲಾಚೆ. ಚರ್ಮದ ಕವಚ ಬಿಚ್ಚಿದರೆ ಕಾಲು ನಿಲ್ಲುವುದಿಲ್ಲ, ಬಿಚ್ಚದಿದ್ದರೆ ಅವನು ಮಟ್ಟಿಯ ಮೇಲೆ ನಿಲ್ಲುವ ಹಾಗಿಲ್ಲ. "ದೇಶಕ್ಕೆ ಬಾಂಬ್ ತುಳಿದೋನು ದೇವಿ ಮುಂದೆ ಚರ್ಮ ಇಕ್ಕಂಡ್ ನಿಲ್ಬಾರ್ದು ಅಂತಾರೆ," ಎಂದು ನಕ್ಕ. ಆ ನಗುವನ್ನು ನನಗೆ ಸಹಿಸಲಾಗಲಿಲ್ಲ.

ಹಟ್ಟಿಯಂಗಳದ ಮೂಲೆಯಲ್ಲಿ ಅಪ್ಪನ ನವಾರಿನ ಮಂಚ ಒರಗಿಸಿಟ್ಟಿತ್ತು. ಅಪ್ಪ ಹೋದ ಮೇಲೆ ಅದರಲ್ಲಿ ಯಾರೂ ಮಲಗುತ್ತಿರಲಿಲ್ಲ. ನಾನು ಅದರ ನವಾರು ಪಟ್ಟಿಗಳನ್ನು ಬಿಚ್ಚಿ, ಎರಡೆರಡು ಪದರ ಸೇರಿಸಿ, ನಡುವೆ ಹಳೇ ಸೀರೆಯ ಬಟ್ಟೆ ಇಟ್ಟು ಹೊಲಿದೆ. ಮಿಷನ್ನಿನ ಸೂಜಿ ಮುರಿಯಿತು, ಕೈಯಲ್ಲಿ ದಬ್ಬಳದಿಂದ ಹೊಲಿದೆ. ಚರ್ಮದ ಕವಚದ ಅಳತೆಗೇ ಬಟ್ಟೆಯ ಕವಚ. ಕಬ್ಬಿಣದ ಪಟ್ಟಿಗಳಿಗೆ ಯಾರ ಮೈಯೂ ತರಚದಿರಲಿ ಎಂದು ದಪ್ಪನಾಗಿ ಬಟ್ಟೆ ಸುತ್ತಿದೆ. ತಮ್ಮ ಕಟ್ಟಿಕೊಂಡು ಹಟ್ಟಿಯಲ್ಲಿ ಬಸ್ಕಿ ಹೊಡೆದ. ಜಾರಿತು. ಬಿಚ್ಚಿ ಮತ್ತೆ ಹೊಲಿದೆ. ಅವ್ವ ದೂರದಲ್ಲಿ ಕುಳಿತು, "ಇವಳಿಗೆ ಬುದ್ಧಿ ಇಲ್ಲ, ಅವನಿಗೆ ಕಾಲಿಲ್ಲ," ಎಂದು ಗೊಣಗುತ್ತಿದ್ದಳು.

ಹೊಸ ಕವಚ ಕಟ್ಟಿಕೊಂಡು ಹೋದ ದಿನ ಉಸ್ತಾದರು ಆ ಕಾಲನ್ನು ಬಿಚ್ಚಿಸಿ, ಎತ್ತಿ ತಮ್ಮದೇ ಮುಂಗೈಗೆ ಹೊಡೆದುಕೊಂಡು, ಏಟಾಗುತ್ತದೋ ಎಂದು ನೋಡಿದರಂತೆ. ಆಮೇಲೆ ಒಳಗೆ ಬಾ ಅಂದರು. ದಂಡ, ಬಸ್ಕಿಯ ಸಾಮು ತೆಗೆಯಲು ಬಿಟ್ಟರು. ಆದರೆ ಸಾಮು ಬೇರೆ, ಕುಸ್ತಿ ಬೇರೆ. ಮದ್ದೂರಿನಲ್ಲಿ ಕುಸ್ತಿ ಇಟ್ಟಿದ್ದಾರೆ, ತಾನೂ ಇಳಿಯುತ್ತೇನೆ ಎಂದು ತಮ್ಮ ಬಾಯಿ ಬಿಟ್ಟದ್ದೇ ತಡ, ಗರಡಿಯ ಮುಂದಿನ ಕಟ್ಟೆಯ ಮೇಲೆ ವಾದ ಶುರುವಾಯಿತು.

ಒಬ್ಬರು, ಕುಂಟನನ್ನು ಇಳಿಸುವುದು ಅನ್ಯಾಯ, ಅವನಿಗೆ ಏನಾದರೂ ಆದರೆ ಯಾರು ಹೊಣೆ ಅಂದರು. ಇನ್ನೊಬ್ಬರು ಅನ್ಯಾಯ ಅವನಿಗಲ್ಲ, ಎದುರಿಗೆ ಇಳಿಯುವವನಿಗೆ ಅಂದರು. "ಮರಕ್ಕೆ ನೋವೈತಾ? ಕಾಲ್ ತಿರುಚೋ ಪಟ್ಟು ಆಕುದ್ರೆ ನಾವು ನೀವು ಕೂಗ್ತೀವಿ. ಅವ್ನು ಬೀಡಿ ಸೇದ್ಕೊಂಡ್ ಕೂತಿರ್ತಾನೆ." ಈ ಮಾತಿನಲ್ಲಿ ಹುರುಳಿತ್ತು. ಎಷ್ಟೋ ವರ್ಷ ನಾನು ಇದನ್ನು ತಿರುಗಿಸಿ ಮುರುಗಿಸಿ ನೋಡಿದ್ದೇನೆ, ಇದಕ್ಕೆ ಪೂರ್ತಿ ಉತ್ತರ ನನಗೆ ಇಂದೂ ಸಿಕ್ಕಿಲ್ಲ. ಪಟ್ಟು ಹಾಕುವಾಗ ಕಾಲೇ ಕಳಚಿಕೊಂಡು ಕೈಗೆ ಬಂದರೆ ಏನು ಮಾಡುವುದು ಎಂದು ಮೂರನೆಯವನು ಕೇಳಿದ. ಎಲ್ಲರೂ ನಕ್ಕರು, ತಮ್ಮನೂ ನಕ್ಕ. ಕೊನೆಗೆ ಉಸ್ತಾದರು ತೀರ್ಮಾನ ಕೊಟ್ಟರು. ಅವನು ಆ ಕಾಲಿನಲ್ಲಿ ಇಳಿದರೆ ಅದು ಅವನ ಕಾಲು. ಎದುರಾಳಿ ಅದನ್ನು ಹಿಡಿಯಬಹುದು, ಎಳೆಯಬಹುದು. ಕಳಚಿದರೆ ಕಟ್ಟಿಕೊಂಡು ಮತ್ತೆ ನಿಲ್ಲಬೇಕು. ಆದರೆ ಜೋಡಿ ಮಾತ್ರ ಅವನೇ ಹುಡುಕಿಕೊಳ್ಳಬೇಕು, ತಾವು ಯಾರಿಗೂ ಬಲವಂತ ಮಾಡುವುದಿಲ್ಲ ಎಂದರು.

ಜೋಡಿ ಕಟ್ಟುವುದು ಅಂದರೆ ಹೀಗೆ. ಕುಸ್ತಿಗೆ ಮುಂಚೆ ಪೈಲ್ವಾನರೆಲ್ಲ ಗರಡಿಯ ಮುಂದಿನ ಬಯಲಿನಲ್ಲಿ ಸೇರುತ್ತಾರೆ. ಅಂಗಿ ಬಿಚ್ಚಿ, ಅಂಗೈಯಲ್ಲಿ ಒಂದು ಹಿಡಿ ಮಟ್ಟಿ ಹಿಡಿದು ನಿಲ್ಲುತ್ತಾರೆ. ಒಬ್ಬನ ಮೈಕಟ್ಟು ಇನ್ನೊಬ್ಬನಿಗೆ ಒಪ್ಪಿದರೆ ಬಂದು ಕೈಗೆ ಕೈ ಕೊಡುತ್ತಾನೆ, ಇಬ್ಬರ ಮಣ್ಣೂ ಬೆರೆಯುತ್ತದೆ. ಅಲ್ಲಿಗೆ ಜೋಡಿ ಆಯಿತು. ಆ ದಿನ ಎದುರು ಮನೆಯ ಜಗಲಿಯ ಮೇಲೆ ಹೊಲಿಗೆಯ ನೆಪ ಮಾಡಿಕೊಂಡು ನಾನು ಕುಳಿತಿದ್ದೆ. ಬೆಳಿಗ್ಗೆಯಿಂದ ತಮ್ಮ ಕೈ ಮುಂದೆ ಚಾಚಿ ನಿಂತಿದ್ದ. ಪೈಲ್ವಾನರು ಬರುತ್ತಿದ್ದರು, ಅವನ ಭುಜ ತಟ್ಟುತ್ತಿದ್ದರು, ಯುದ್ಧದ ಸಮಾಚಾರ ಕೇಳುತ್ತಿದ್ದರು, ಮುಂದೆ ಹೋಗಿ ಬೇರೆಯವರಿಗೆ ಕೈ ಕೊಡುತ್ತಿದ್ದರು. ಅವರನ್ನು ಬೈದು ಏನು ಪ್ರಯೋಜನ? ಅವನನ್ನು ಗೆದ್ದರೆ ಮರ್ಯಾದೆ ಇಲ್ಲ, ಅವನಿಗೆ ಸೋತರೆ ತಲೆ ಎತ್ತುವ ಹಾಗಿಲ್ಲ. ಬಿಸಿಲು ಏರಿತು. ಅವನು ಮೈಯ ಭಾರವನ್ನು ಬಲಗಾಲಿನ ಮೇಲೆ ಹಾಕಿಕೊಳ್ಳುತ್ತಿರುವುದು ನನಗೆ ಕಾಣುತ್ತಿತ್ತು. ನವಾರಿನ ಅಂಚು ಮಾಂಸಕ್ಕೆ ಕಚ್ಚಿರಬೇಕು.

ಮಧ್ಯಾಹ್ನ ಕಳೆದ ಮೇಲೆ ಚಿಕ್ಕರಸಿನಕೆರೆಯ ಗೆಳೆಯನೊಬ್ಬ ಬಂದ. ಅವನು ತಮ್ಮನ ಓರಗೆಯವನು, ಕಬ್ಬಿನ ಗಾಡಿ ಹೊಡೆದುಕೊಂಡು ಮಂಡ್ಯಕ್ಕೆ ಬರುತ್ತಿದ್ದವನು, ಇದೇ ಗರಡಿಯಲ್ಲಿ ತಮ್ಮನ ಜೊತೆಗೇ ಬೆಳೆದವನು. ಯುದ್ಧಕ್ಕೆ ಮುಂಚೆ ತಮ್ಮನ ಕೈಯಲ್ಲಿ ಸೋತು ಸೋತು ಬೆನ್ನು ಕೆಂಪಾಗಿಸಿಕೊಂಡವನು. ಬಂದವನೇ ತಮ್ಮನನ್ನು ತಲೆಯಿಂದ ಮರದ ಕಾಲಿನವರೆಗೆ ನೋಡಿದ.

"ಏನ್ಲಾ, ಇನ್ನೂ ಯಾರೂ ಸಿಕ್ಕಿಲ್ವಾ?"

"ಇಲ್ಲ ಕಣ್ಲಾ."

"ನೀನು ನನ್ನ ಎಷ್ಟ್ ಸತಿ ಮಣ್ ಮುಕ್ಸಿದ್ದೀಯ, ಗ್ಯಾಪ್ಕ ಐತಾ? ನಾನೇನ್ ಮರ್ತಿಲ್ಲ. ಕೊಡು ಕೈಯ."

ತಮ್ಮನ ಮುಖ ಆಗ ಹೇಗಿತ್ತು ಎಂಬುದನ್ನು ಬರೆಯಲು ನನಗೆ ಬರುವುದಿಲ್ಲ. ಅವನ ಮದುವೆಯ ದಿನವೂ ಅಷ್ಟು ಸಂತೋಷ ನಾನು ನೋಡಲಿಲ್ಲ.

ಕುಸ್ತಿಯ ಹಿಂದಿನ ದಿನ ಗೆಳೆಯ ನಮ್ಮ ಮನೆಗೆ ಊಟಕ್ಕೆ ಬಂದ. ತಮ್ಮ ಬಾವಿಯ ಹತ್ತಿರ ಸ್ನಾನಕ್ಕೆ ಹೋಗಿದ್ದ. ಅವ್ವ ಮುದ್ದೆ ಇಟ್ಟು, ಉಪ್ಸಾರು ಬಿಟ್ಟು, ಅವನ ಮುಂದೆಯೇ ಕುಳಿತಳು. "ನೋಡಪ್ಪ, ನೀನೂ ನನ್ ಮಗ್ನಂಗೆ. ನಮ್ ಮಗ ಅದೇನೋ ಆಸೆ ಬಿದ್ದೈತೆ. ಜನುದ್ ಮುಂದೆ ಅದುಕ್ಕೆ ಅವಮಾನ ಆಗ್ದಂಗ್ ನೋಡ್ಕ. ನೀನ್ ಒಂದ್ಸತಿ ಬಿದ್ರೆ ನಿಂದೇನೂ ಓಗಕ್ಕಿಲ್ಲ." ಅವನು ತಲೆ ಬಗ್ಗಿಸಿ ಮುದ್ದೆ ಮುರಿಯುತ್ತಿದ್ದ. ಅವ್ವ ಆ ತಲೆ ಬಗ್ಗಿಸಿದ್ದನ್ನೇ ಮಾತು ಕೊಟ್ಟ ಹಾಗೆ ಅಂದುಕೊಂಡು ಇನ್ನೊಂದು ಮುದ್ದೆ ಹಾಕಿದಳು.

ಅವನು ಕೈ ತೊಳೆಯಲು ಹಟ್ಟಿಗೆ ಬಂದಾಗ ನಾನು ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದೆ. "ಬೇಕಂತ ಬಿದ್ದೀಯ, ಜ್ವಾಕೆ," ಎಂದೆ. "ಬೇರೆಯೋರಿಗೆ ಗೊತ್ತಾಗ್ದೆ ಇರ್ಬೋದು. ಅವನಿಗೆ ಗೊತ್ತಾಯ್ತದೆ. ಆಮ್ಯಾಕೆ ಅವ್ನು ಇನ್ಯಾರಿಗೂ ಕೈ ಕೊಡಾಕಿಲ್ಲ."

"ಗೊತ್ತು ಕಣಕ್ಕ," ಎಂದ. "ಅವ್ವಂಗ್ ಎಂಗ್ ಯೋಳ್ಳಿ?"

ಮದ್ದೂರಿನಲ್ಲಿ ಹೊಳೆಯ ಪಕ್ಕದ ಬಯಲಿನಲ್ಲಿ ಅಖಾಡ ಹಾಕಿದ್ದರು. ಹೆಂಗಸರು ದೂರದಲ್ಲಿ ಬಿಟ್ಟಿದ್ದ ಗಾಡಿಗಳ ಮೇಲೆ ನಿಂತು ನೋಡುತ್ತಿದ್ದೆವು. ತಮ್ಮನ ಸರದಿ ಬಂದಾಗ ಜನ ಎದ್ದು ನಿಂತರು. ಸುತ್ತ ಎಲ್ಲೆಲ್ಲೂ ಅದೇ ಮಾತು, ಅಯ್ಯೋ ಪಾಪ, ಅಯ್ಯೋ ಪಾಪ. ತಮಟೆ ಜೋರಾಯಿತು.

ಇಬ್ಬರೂ ಕೈ ಕೊಟ್ಟು, ಕುತ್ತಿಗೆಗೆ ಕುತ್ತಿಗೆ ಕೊಟ್ಟು ಹಿಡಿದರು. ನನ್ನ ತಮ್ಮ ಚೆನ್ನಾಗಿ ಆಡಿದ. ಇದನ್ನು ಅಕ್ಕ ಅಂತ ಹೇಳುತ್ತಿಲ್ಲ. ಮರದ ಕಾಲನ್ನು ಹಿಂದೆ ಊರಿ ಕಂಬದ ಹಾಗೆ ನಿಂತು, ಬಲಗಾಲಿನಿಂದ ಸುತ್ತುತ್ತಿದ್ದ. ಒಂದು ಸಲ ಗೆಳೆಯನ ಸೊಂಟ ಹಿಡಿದು ಅರ್ಧ ಎತ್ತಿಯೇಬಿಟ್ಟ, ಅವನು ಮೀನಿನ ಹಾಗೆ ಜಾರಿಕೊಂಡ. ಇಬ್ಬರಿಗೂ ಏದುಸಿರು. ಗೆಳೆಯ ಅವನ ಬಲಗಾಲಿಗೇ ಕೈ ಹಾಕುತ್ತಿದ್ದ, ತಮ್ಮ ತಪ್ಪಿಸಿಕೊಳ್ಳುತ್ತಿದ್ದ. ಆಗ ತಮ್ಮ ಏನೋ ಅಂದ. ದೂರಕ್ಕೆ ಕೇಳಿಸಲಿಲ್ಲ. ಅವನು ಆಮೇಲೆ ನನಗೆ ಹೇಳಿದ್ದು, "ಎಡಗಾಲ್ ಇಡ್ಯಲಾ, ಅದೂ ನಂದೇ," ಅಂದನಂತೆ.

ಗೆಳೆಯ ಬಗ್ಗಿದ. ಮರದ ಕಾಲನ್ನು ಎರಡೂ ಕೈಯಲ್ಲಿ ಹಿಡಿದ. ಜನ "ಹೋ" ಅಂದರು. ಅವನು ಬಿಡಲಿಲ್ಲ. ಯಾರ ಕಾಲನ್ನು ಹಿಡಿದರೂ ಹಾಗೇ ಹಿಡಿಯುತ್ತಿದ್ದ. ಎತ್ತಿ, ತಿರುಗಿಸಿ, ನನ್ನ ತಮ್ಮನನ್ನು ಬೆನ್ನು ಅಡಿಯಾಗಿ ಮಟ್ಟಿಗೆ ಕೆಡವಿದ. ಎರಡು ಭುಜವೂ ನೆಲಕ್ಕೆ ಮುಟ್ಟಿತು. ಚಿತ್.

ಗೆದ್ದವನಿಗೆ ತಮಟೆ ಬಡಿಯಬೇಕು. ತಮಟೆಯವನು ಅತ್ತ ಇತ್ತ ನೋಡಿ ಕೋಲನ್ನು ಕೆಳಗಿಳಿಸಿದ. ತಮ್ಮ ಮಲಗಿದಲ್ಲೇ ನಗುತ್ತಿದ್ದ. ಎದ್ದು, ಗೆಳೆಯನ ಕೈ ಹಿಡಿದು ಮೇಲೆತ್ತಿ, ಅಖಾಡದ ಸುತ್ತ ಜನಕ್ಕೆ ತೋರಿಸಿದ. ಆಗ ಜನಕ್ಕೆ ಬಾಯಿ ಬಂತು. ನೋಡಿ ಎಂಥಾ ದೊಡ್ಡ ಮನಸ್ಸು, ಅಂದರು. ಗೆದ್ದವನನ್ನು, "ಕುಂಟುನ್ನ ಕೆಡವ್ದೋನೆ, ನೀನೂ ಗಂಡಸಾ," ಎಂದು ಬೈದರು. ಯಾರೋ ಮಣ್ಣಿನ ಹೆಂಟೆ ಎಸೆದರು. ಅದು ಅವನ ಕಿವಿಯ ಹತ್ತಿರ ಬಿದ್ದು ರಕ್ತ ಬಂತು. ಕುಸ್ತಿ ನಡೆಸುತ್ತಿದ್ದ ದೊಡ್ಡ ಮನುಷ್ಯರು ಎದ್ದು ಬಂದು ಗೆದ್ದವನಿಗೆ ಸುತ್ತಬೇಕಾದ ಪೇಟವನ್ನು ನನ್ನ ತಮ್ಮನ ತಲೆಗೆ ಸುತ್ತಿದರು. ತಮ್ಮ ಬೇಡ ಬೇಡ ಅಂದ. ಬಿಚ್ಚಿ ಗೆಳೆಯನ ತಲೆಯ ಮೇಲೆ ಇಟ್ಟ. ಜನ ಅದಕ್ಕೂ ಚಪ್ಪಾಳೆ ತಟ್ಟಿದರು, ತಟ್ಟಿದ್ದು ತಮ್ಮನಿಗೆ. ಅವನು ಏನು ಮಾಡಿದರೂ ದೊಡ್ಡ ಮನಸ್ಸೇ ಆಗುತ್ತಿತ್ತು. ಸೋತಿದ್ದೇನೆ ಅಂತ ಹೇಳಲು ಆ ಬಯಲಿನಲ್ಲಿ ಅವನಿಗೆ ದಾರಿಯೇ ಇರಲಿಲ್ಲ.

ಅವ್ವ ಗಾಡಿಯಿಂದ ಇಳಿದು ಜನರನ್ನು ತಳ್ಳಿಕೊಂಡು ಹೋದಳು. ಗೆಳೆಯನ ಮುಂದೆ ನಿಂತು ಒಂದು ಹಿಡಿ ಮಣ್ಣು ಎತ್ತಿ ಅವನ ಕಾಲಿನ ಹತ್ತಿರ ತೂರಿದಳು. "ನನ್ ಮುದ್ದೆ ಉಂಡು ನನ್ ಮಗನ್ ಕಾಲ್ ಇಡ್ದಲ್ಲೋ. ನಿಂಗ್ ಒಳ್ಳೇದಾಗ್ದೆ ಓಗ್ಲಿ." ಅವನು ತಲೆ ಬಗ್ಗಿಸಿ ನಿಂತ, ಊಟದ ಹೊತ್ತು ನಮ್ಮ ಮನೆಯಲ್ಲಿ ಕುಳಿತಿದ್ದನಲ್ಲ, ಹಾಗೇ. ನಾನು ಓಡಿಹೋಗಿ ಅವ್ವನನ್ನು ಎಳೆದುಕೊಂಡು ಬಂದೆ. ಬೇಕಂತ ಬೀಳಬೇಡ ಎಂದವಳು ನಾನು ಎಂದು ಕೂಗಿ ಹೇಳಿದೆ. ಅವ್ವ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ಅವನಿಗೆ ಹಟ್ಟಿಯಲ್ಲಿ ಅಂದ ಮಾತನ್ನು ನಾನು ಇಂದೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಆ ಹುಡುಗನ ಕಿವಿಯಿಂದ ಇಳಿಯುತ್ತಿದ್ದ ರಕ್ತವನ್ನು ಮರೆತೂ ಇಲ್ಲ.

ಸಂಜೆ ಮನೆಗೆ ಬಂದ ಮೇಲೆ ಅವ್ವ ಹಂಡೆಯಲ್ಲಿ ನೀರು ಕಾಯಿಸಿದಳು. ತಮ್ಮನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿ, ಅವನ ಬೆನ್ನಿಗೆ ಅಂಟಿದ್ದ ಕೆಮ್ಮಣ್ಣನ್ನು ನೋಡಿ ಗೋಳೋ ಎಂದು ಅತ್ತಳು. "ಅವ್ವ, ತೊಳೀಬ್ಯಾಡ," ಎಂದ ಅವನು. "ಇವತ್ತೊಂದಿನ ಇರ್ಲಿ ಕಣವ್ವ. ಚೆನ್ನಾಗೈತೆ." ಅವಳಿಗೆ ಮಗನಿಗೆ ತಲೆ ಕೆಟ್ಟಿದೆ ಅನ್ನಿಸಿರಬೇಕು. ಸೀಗೆಕಾಯಿ ಹಾಕಿ ಉಜ್ಜಿದಳು. ಅವನು ಕೈ ಹಿಂದೆ ಮಾಡಿ ತಡೆಯಲು ನೋಡುತ್ತಿದ್ದ, ಅವಳು ಆ ಕೈಯನ್ನು ಸರಿಸಿ ಸರಿಸಿ ಉಜ್ಜಿದಳು. ಕೆಂಪು ನೀರು ಬಚ್ಚಲ ತೂಬಿನಲ್ಲಿ ಹೋಗುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ.

ಗೆಳೆಯನಿಗೆ ಊರಿನಲ್ಲಿ ಬಾಳು ಕಷ್ಟವಾಯಿತು. ಹೋದಲ್ಲಿ ಬಂದಲ್ಲಿ ಕುಂಟನನ್ನು ಕೆಡವಿದವನು ಅನ್ನುವುದೇ ಅವನ ಹೆಸರಾಯಿತು. ಗರಡಿಗೆ ಬರುವುದನ್ನು ಬಿಟ್ಟ. ತಮ್ಮ ಅವನನ್ನು ಹುಡುಕಿಕೊಂಡು ಚಿಕ್ಕರಸಿನಕೆರೆಗೆ ಹೋದಾಗ ಅವನ ತಾಯಿ ಬಾಗಿಲಲ್ಲೇ ನಿಲ್ಲಿಸಿ, "ನೀನೇನ್ ಒಳ್ಳೆ ಎಸ್ರು ತಗಂಡೆ. ನನ್ ಮಗ ಮಳವಳ್ಳಿ ಕಡೆ ಅವ್ನ ಸೋದರಮಾವನ್ ಗದ್ದೆ ಗೇಯಕ್ ಓದ. ಬರಾಕಿಲ್ಲ," ಅಂದಳಂತೆ. ತಮ್ಮ ಇದ್ದಿಲು ಉರಿಸಿ ಓಡಿಸುವ ಬಸ್ಸಿನಲ್ಲಿ ಮಳವಳ್ಳಿಗೂ ಹೋದ. ಗೆಳೆಯ ಗದ್ದೆಯ ಬದುವಿನಲ್ಲಿ ಕೂರಿಸಿಕೊಂಡು ಮಾತಾಡಿಸಿದ, ಎಳೆಸೌತೆಕಾಯಿ ಕೊಟ್ಟ, ಕುಸ್ತಿಯ ಮಾತು ಎತ್ತಿದರೆ ಮಾತ್ರ ಎದ್ದು ನೀರು ಕಟ್ಟಲು ಹೋಗುತ್ತಿದ್ದ. "ಇನ್ನೊಂದ್ಸತಿ ಆಡಾನ ಕಣ್ಲಾ," ಅಂದದ್ದಕ್ಕೆ, "ಬುಡ್ಲಾ," ಅಂದನಂತೆ, ಅಷ್ಟೆ.

ಮರುವರ್ಷ ಜೋಡಿ ಕಟ್ಟುವ ದಿನ ಬಂತು. ತಮ್ಮ ನವಾರಿನ ಕವಚ ಕಟ್ಟಿಸಿಕೊಂಡು ಹೋದ. ನಾನು ಅದೇ ಜಗಲಿಯ ಮೇಲೆ ಕುಳಿತಿದ್ದೆ. ಈ ಸಲ ಅವನಿಗೆ ಒಂದು ಕುರ್ಚಿ ತಂದು ಹಾಕಿದ್ದರು. ಕೊರಳಿಗೆ ಹಾರ ಹಾಕಿದರು. ಅವನು ಕೂರಲಿಲ್ಲ. ಹಾರ ತೆಗೆದು ಕುರ್ಚಿಯ ಮೇಲಿಟ್ಟು, ಬಗ್ಗಿ ಒಂದು ಹಿಡಿ ಮಟ್ಟಿ ತೆಗೆದುಕೊಂಡು ಕೈ ಚಾಚಿ ನಿಂತ. ಹೊಸ ಹುಡುಗರು ಬಂದು ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದರು. ಕೈ ಯಾರೂ ಮುಟ್ಟಲಿಲ್ಲ. ಮದ್ದೂರಿನಲ್ಲಿ ಏನಾಯಿತು ಎಂಬುದು ಎಲ್ಲರಿಗೂ ಗೊತ್ತಿತ್ತು. ಬಿಸಿಲು ಇಳಿಯಿತು. ಜೋಡಿಗಳೆಲ್ಲ ಆಗಿ ಜನ ಕರಗಿದರು. ಕೊನೆಗೆ ಉಸ್ತಾದರು ಆ ಕುರ್ಚಿಯನ್ನು ತಾವೇ ಎಳೆದುಕೊಂಡು ಬಂದು ಅವನ ಹಿಂದೆ ಇಟ್ಟು, "ಕೂತ್ಕೊ ಮಗ," ಅಂದರು. ಗುರು ಹೇಳಿದ ಮೇಲೆ ಇನ್ನೇನು. ಕುಳಿತ.

ಮನೆಗೆ ಬಂದಾಗ ಅವನ ಬಲಗೈ ಮುಷ್ಟಿ ಹಾಗೇ ಬಿಗಿಯಾಗಿತ್ತು. ಅವ್ವ ಊಟಕ್ಕೆ ಕರೆದಳು. ಅವನು ನೇರವಾಗಿ ಬಚ್ಚಲಿಗೆ ಹೋಗಿ ಕಲ್ಲಿನ ಮೇಲೆ ಕುಳಿತು ಮುಷ್ಟಿ ಬಿಚ್ಚಿದ. ಬೆವರಿಗೆ ನೆನೆದು ಮಣ್ಣು ಅಂಗೈಗೆ ಮೆತ್ತಿಕೊಂಡಿತ್ತು.

"ನೀರಾಕಕ್ಕ," ಎಂದ.

ನಾನು ತಂಬಿಗೆ ಬಗ್ಗಿಸಿದೆ. ಅವನು ತಾನೇ ತಿಕ್ಕಿ ತಿಕ್ಕಿ ತೊಳೆದುಕೊಂಡ.